ಟ್ಯಾಂಕ್ ತುಂಬಿಸುವ ಮುನ್ನ: ಆರ್‌ವಿ ಪ್ರವಾಸದ ಬಗ್ಗೆ ನಿಮ್ಮ ಪ್ರಶ್ನೆಗಳು

ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಒಳಗೇ ಇರುವ ಆರ್‌ವಿ ಎಂಬ ಓಡುವ ಮನೆಯಲ್ಲಿ ಅಮೆರಿಕ ಸುತ್ತುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದನ್ನೇ: ಪೆಟ್ರೋಲ್ ಹೀಗೆ ಏರುತ್ತಿದ್ದರೆ ಹೊರಡುವುದೋ, ಬಿಡುವುದೋ? ನಾವು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿದ್ದು ಇಪ್ಪತ್ತೆರಡು ವರ್ಷವಾಯಿತು. ನಮ್ಮದು 26 ಅಡಿಯ ಹಳೆಯ ಗಾಡಿ. ಫೋರ್ಡ್ ಇ-450 ಚಾಸಿ, ಹತ್ತು ಸಿಲಿಂಡರಿನ ಎಂಜಿನ್, 55 ಗ್ಯಾಲನ್ (ಸುಮಾರು 208 ಲೀಟರ್) ಟ್ಯಾಂಕ್. ಸ್ಟೀರಿಂಗ್ ನನ್ನ ಕೈಲಿ, ನಕ್ಷೆ ನಮ್ಮ ಮನೆಯವರ ಕೈಲಿ. ಇಲ್ಲಿ ಬರೆದಿರುವುದೆಲ್ಲ ಆ ಗಾಡಿ ಕಲಿಸಿದ್ದು. ಇಲ್ಲಿಯವರು ಪೆಟ್ರೋಲನ್ನು ಗ್ಯಾಸ್ ಎನ್ನುತ್ತಾರೆ. ಊರಿನ ಓದುಗರಿಗೆ ಅಡುಗೆ ಸಿಲಿಂಡರ್ ನೆನಪಾಗದಿರಲಿ ಎಂದು ನಾನು ಪೆಟ್ರೋಲ್ ಎಂದೇ ಬರೆಯುತ್ತೇನೆ.

ಮಂಡ್ಯದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 71, ಅಮ್ಮನಿಗೆ 66. ಇಬ್ಬರು ಮಕ್ಕಳೂ ಸೇರಿ ನಾವು ಆರು ಜನ. 28 ಅಡಿಯ ಆರ್‌ವಿ ಬಾಡಿಗೆಗೆ ಹಿಡಿದು ಹನ್ನೆರಡು ದಿನ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣವೆಂದಿದ್ದೆ. ಈಗಿನ ಪೆಟ್ರೋಲ್ ಬೆಲೆ ನೋಡಿ ಹೆಂಡತಿ ಬೇಡವೇ ಬೇಡ ಅನ್ನುತ್ತಿದ್ದಾಳೆ. ಯಾರ ಮಾತು ಸರಿ?
ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಮೊದಲು ಲೆಕ್ಕ ಮಾಡೋಣ. ಫ್ರೀಮಾಂಟಿನಿಂದ ಐ-80 ಹೆದ್ದಾರಿ ಹಿಡಿದು ರೀನೋ, ಎಲ್ಕೋ ದಾಟಿ ವೆಲ್ಸ್ ತನಕ, ಅಲ್ಲಿಂದ ಉತ್ತರಕ್ಕೆ ತಿರುಗಿ ಟ್ವಿನ್ ಫಾಲ್ಸ್, ಐಡಾಹೊ ಫಾಲ್ಸ್, ವೆಸ್ಟ್ ಯೆಲ್ಲೋಸ್ಟೋನ್. ಹೋಗುವುದಕ್ಕೇ ಸಾವಿರ ಮೈಲಿಗೆ ಸ್ವಲ್ಪ ಕಡಿಮೆ. ಪಾರ್ಕಿನ ಒಳಗಿನ ದೊಡ್ಡ ಸುತ್ತು ಒಂದೇ 142 ಮೈಲಿ. ಹೋಗಿ, ಸುತ್ತಿ, ಬರುವಷ್ಟರಲ್ಲಿ 2,300 ಮೈಲಿ ಹಿಡಿಯಿರಿ. ಆ ಅಳತೆಯ ಗಾಡಿ ಗ್ಯಾಲನ್ನಿಗೆ 8 ಮೈಲಿ ಕೊಟ್ಟರೆ ಪುಣ್ಯ. ಅಂದರೆ ಹತ್ತಿರ ಹತ್ತಿರ 288 ಗ್ಯಾಲನ್. ಗ್ಯಾಲನ್ನಿಗೆ 4 ಡಾಲರ್ ಆದರೆ 1,150 ಡಾಲರ್, 5 ಆದರೆ 1,440. ಬೆಲೆ ಒಂದು ಡಾಲರ್ ಏರಿದರೆ ನಿಮ್ಮ ಕೈಯಿಂದ ಹೋಗುವುದು 288 ಡಾಲರ್. ಆರು ಜನ ಹನ್ನೆರಡು ದಿನ ತಿರುಗಾಡುವಾಗ ಆ 288ಕ್ಕೋಸ್ಕರವೇ ಪ್ರವಾಸ ಕೈಬಿಡಬೇಕಾಗಿಲ್ಲ. ಕಣ್ಣಿಡಬೇಕಾದ್ದು ಆ 2,300 ಮೈಲಿಯ ಮೇಲೆ. ಬಾಡಿಗೆಗೆ ಕೊಡುವ ಹಲವರು ಮೈಲಿಗಿಷ್ಟು ಎಂದು ಬೇರೆ ಹಣ ಕಟ್ಟಿಸಿಕೊಳ್ಳುತ್ತಾರೆ, ಜನರೇಟರಿಗೆ ಗಂಟೆಗಿಷ್ಟು ಎಂದು ಇನ್ನೊಂದು. ಕರಾರುಪತ್ರವನ್ನು ಕೊನೇ ಸಾಲಿನ ತನಕ ಓದಿ. ದೂರ ಹೋದಷ್ಟೂ ಬಂಕಿನವನಿಗೊಮ್ಮೆ, ಗಾಡಿಯವನಿಗೊಮ್ಮೆ ಕೊಡುತ್ತಾ ಹೋಗುತ್ತೀರಿ.

ನಮ್ಮದೇ ಒಂದು ಸಂಗತಿ ಹೇಳುತ್ತೇನೆ. 2022ರ ಜೂನ್‌ನಲ್ಲಿ ಇಡೀ ಅಮೆರಿಕದ ಸರಾಸರಿ ಪೆಟ್ರೋಲ್ ಬೆಲೆ ಮೊದಲ ಸಲ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 6ರ ಮೇಲಿತ್ತು. ಆಗ ಸಾಗರದಿಂದ ನನ್ನ ಅಪ್ಪ ಬಂದಿದ್ದರು. ಯೂಟಾದ ಪಾರ್ಕುಗಳನ್ನೆಲ್ಲ ನೋಡಿಕೊಂಡು ಕೊಲರಾಡೊ ತನಕ ಹೋಗಿಬರುವುದೆಂದು 2,600 ಮೈಲಿಯ ಯೋಜನೆ ಹಾಕಿದ್ದೆ. ಹೊರಡುವ ಬೆಳಿಗ್ಗೆ ಟ್ಯಾಂಕ್ ತುಂಬಿಸಲು ನಿಂತೆವು. 125 ಡಾಲರಿಗೆ ಪಂಪ್ ತಾನಾಗಿಯೇ ನಿಂತಿತು, ಕಾರ್ಡಿಗೆ ಅಷ್ಟೇ ಮಿತಿ. ಇನ್ನೊಮ್ಮೆ ಕಾರ್ಡ್ ಉಜ್ಜಿದೆ, ಮತ್ತೆ 125ಕ್ಕೆ ನಿಂತಿತು. ಮೂರನೇ ಸಲ ಉಜ್ಜಿ ಮುಗಿಯುವಾಗ ಒಟ್ಟು 46 ಗ್ಯಾಲನ್, 294 ಡಾಲರ್. ಅಪ್ಪ ಊರಿನಲ್ಲಿ ಅಡಿಕೆ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದಂಥದ್ದೇ ಒಂದನ್ನು ತಂದಿದ್ದರು. ತಾರೀಕು, ಊರು, ಗ್ಯಾಲನ್, ಡಾಲರ್ ಎಂದು ನಾಲ್ಕು ಕಲಮು ಗೆರೆ ಎಳೆದು ಬರೆದುಕೊಂಡರು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ 78ರಿಂದ ಗುಣಿಸಿದ್ದು ನನಗೆ ಕಾಣಿಸಿತು: ಸುಮಾರು ಇಪ್ಪತ್ತಮೂರು ಸಾವಿರ ರೂಪಾಯಿ. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಫ್ಯಾಲನ್ ಬರುವ ತನಕ ಅವರು ಮಾತೇ ಆಡಲಿಲ್ಲ.

ಫ್ಯಾಲನ್ನಿನಿಂದ ಮುಂದಿನ ಯುಎಸ್-50 ಅಮೆರಿಕದ ಅತಿ ಏಕಾಂತದ ರಸ್ತೆ ಎಂದು ಹೆಸರಾದದ್ದು. ಆಸ್ಟಿನ್ ಬರುವ ತನಕ ನೂರು ಮೈಲಿಗೂ ಹೆಚ್ಚು ದೂರ ಬಂಕ್ ಸಿಗುವುದು ತೀರಾ ಅಪರೂಪ. ಮರುದಿನ ಬೇಕರ್ ಎಂಬ ಪುಟ್ಟ ಊರು ದಾಟಿ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನಕ್ಕೆ ಬಂದೆವು. ಲೆಹ್‌ಮನ್ ಹಳ್ಳದ ಪಕ್ಕದ ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ರಾತ್ರಿ ತಂಗಿ ಯೂಟಾಕ್ಕೆ ಹೊರಡುವುದೆಂದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಹಳ್ಳದ ಹತ್ತಿರ ಮಡಿಸುವ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ ಕೂತಿದ್ದರು. "ಇಲ್ಲೇ ಇದ್ರೆ ಆಗದಾ? ಮುಂದೆ ಹೋಗಿ ಎಂತ ನೋಡೂದು?" ಅಂದರು.

ಆರು ರಾತ್ರಿ ಅಲ್ಲೇ ಉಳಿದೆವು. ಲೆಹ್‌ಮನ್ ಗುಹೆ ನೋಡಿದೆವು. ವೀಲರ್ ಶಿಖರದ ಕಡೆಗೆ ಏರುವ ರಸ್ತೆಯಲ್ಲಿ 24 ಅಡಿಗಿಂತ ಉದ್ದದ ಗಾಡಿಯನ್ನು ಬಿಡುವುದಿಲ್ಲ, ನಮ್ಮದು ಎರಡಡಿ ಹೆಚ್ಚು. ಪಕ್ಕದ ಸೈಟಿನಲ್ಲಿದ್ದ ವಯಸ್ಸಾದ ದಂಪತಿ ತಮ್ಮ ಕಾರಿನಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಿ ಸಾವಿರಾರು ವರ್ಷದ ಬ್ರಿಸಲ್‌ಕೋನ್ ಪೈನ್ ಮರಗಳನ್ನು ತೋರಿಸಿಕೊಂಡು ಬಂದರು. 1964ರಲ್ಲಿ ಅಲ್ಲಿ ಕಡಿದ ಒಂದು ಮರಕ್ಕೆ ಹತ್ತಿರ ಹತ್ತಿರ 4,900 ವರ್ಷ ವಯಸ್ಸಾಗಿತ್ತು ಎಂದು ಅಪ್ಪ ಆ ಉದ್ದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಾರೆ. ರಾತ್ರಿ ಆಕಾಶಗಂಗೆ ಈ ತುದಿಯಿಂದ ಆ ತುದಿಗೆ ಹಾಸಿದ ಹಾಗೆ ಕಾಣುತ್ತಿತ್ತು. ಊರಿಗೆ ಕರೆಂಟು ಬರುವ ಮುಂಚೆ ನಮ್ಮ ಅಂಗಳದಲ್ಲೂ ಹೀಗೇ ಕಾಣುತ್ತಿತ್ತು ಅಂದರು. ಮನೆಗೆ ವಾಪಸಾದಾಗ ಓಡಿದ್ದು 1,100 ಮೈಲಿ. ಹಾಕಿದ್ದ ಯೋಜನೆಗೆ ಹೋಲಿಸಿದರೆ ಪೆಟ್ರೋಲಿನಲ್ಲೇ ಸುಮಾರು ಸಾವಿರ ಡಾಲರ್ ಉಳಿದಿತ್ತು.

ಅಂದಿನಿಂದ ಮೈಲಿ ಲೆಕ್ಕದಲ್ಲಿ ಪ್ರವಾಸ ಹಾಕುವುದನ್ನೇ ಬಿಟ್ಟಿದ್ದೇನೆ. ಆರ್‌ವಿ ಎಂದರೆ ಮನೆ. ಜನರೇಟರ್ ಹಾಕದಿದ್ದರೆ ನಿಲ್ಲಿಸಿದ ಕಡೆ ಅದು ಪೆಟ್ರೋಲ್ ಕುಡಿಯುವುದಿಲ್ಲ. ಅನ್ನ ಬೇಯುತ್ತದೆ, ಮಕ್ಕಳು ಆಡುತ್ತಾರೆ, ಮಧ್ಯಾಹ್ನ ಅಪ್ಪ ಅಮ್ಮ ಒಂದು ನಿದ್ದೆ ತೆಗೆಯುತ್ತಾರೆ. ಅದರಲ್ಲಿ ದಿನಕ್ಕೆ 350 ಮೈಲಿ ಓಡಿಸುವುದೆಂದರೆ ಮನೆಯನ್ನು ಲಾರಿ ಮಾಡಿಕೊಂಡ ಹಾಗೆ.

ಆದ್ದರಿಂದ ನಿಮಗೆ ನಾನು ಹೇಳುವುದು ಲ್ಯಾಸನ್ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನ. ಫ್ರೀಮಾಂಟಿನಿಂದ ಹೆಚ್ಚೆಂದರೆ 270 ಮೈಲಿ. ಹೋಗಿ, ತಿರುಗಾಡಿ, ಬಂದರೂ 650 ಮೈಲಿ ದಾಟುವುದಿಲ್ಲ. 5 ಡಾಲರ್ ಬೆಲೆಯಲ್ಲೂ ಸುಮಾರು 400 ಡಾಲರ್ ಪೆಟ್ರೋಲ್. ಯೆಲ್ಲೋಸ್ಟೋನಿನಲ್ಲಿ ನೋಡುವ ಕುದಿಯುವ ಕೆಸರು, ಹಬೆ, ಗಂಧಕದ ವಾಸನೆ ಎಲ್ಲ ಇಲ್ಲೂ ಉಂಟು. ಸಲ್ಫರ್ ವರ್ಕ್ಸ್ ಎಂಬ ಜಾಗವಂತೂ ರಸ್ತೆಯ ಪಕ್ಕದಲ್ಲೇ ಇದೆ, ನಿಮ್ಮ ತಾಯಿ ಮಂಡಿ ನೋಯಿಸಿಕೊಳ್ಳಬೇಕಾಗಿಲ್ಲ. ಲ್ಯಾಸನ್ ಶಿಖರ 1914ರಿಂದ 1917ರ ತನಕ ಸಿಡಿಯುತ್ತಲೇ ಇತ್ತು. 2021ರ ಡಿಕ್ಸಿ ಕಾಡ್ಗಿಚ್ಚಿನಲ್ಲಿ ಪಾರ್ಕಿನ ಬಹುಪಾಲು ಸುಟ್ಟಿತು, ಕಪ್ಪಗೆ ನಿಂತ ಮರಗಳನ್ನು ಕಂಡು ಮಕ್ಕಳು ಕೇಳಿಯೇ ಕೇಳುತ್ತಾರೆ, ಹೇಳಲು ತಯಾರಾಗಿರಿ. ಮಂಜಾನೀಟಾ ಕೆರೆಯ ಕ್ಯಾಂಪ್‌ಗ್ರೌಂಡಿನಲ್ಲಿ ಐದಾರು ದಿನ ನೆಲೆ ಹೂಡಿ. ಅಂಗಡಿ ಇದೆ, ಸ್ನಾನಕ್ಕೆ ಬಿಸಿನೀರಿದೆ, ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್ ಇದೆ. ಕರೆಂಟ್ ಸಂಪರ್ಕ ಮಾತ್ರ ಇಲ್ಲ. ಎರಡು ಎಚ್ಚರಿಕೆ. ಹಿಮ ಕರಗಿ ಪಾರ್ಕಿನ ನಡುವಿನ ರಸ್ತೆ ಪೂರ್ತಿ ತೆರೆಯುವುದು ಎಷ್ಟೋ ವರ್ಷ ಜುಲೈಗೆ, ಹಾಗಾಗಿ ಜೂನ್ ಬೇಡ, ಜುಲೈ ನಡುವಿಗೆ ಇಟ್ಟುಕೊಳ್ಳಿ. ಆ ರಸ್ತೆ ಸಮುದ್ರಮಟ್ಟದಿಂದ 8,500 ಅಡಿ ಎತ್ತರದ ತನಕ ಏರುತ್ತದೆ. ತಂದೆಯವರಿಗೆ ಬಿ.ಪಿ., ಉಸಿರಾಟದ ತೊಂದರೆ ಏನಾದರೂ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ.

ಹಾಗಂತ ನಿಮ್ಮ ತಂದೆಗೆ ಓಲ್ಡ್ ಫೇತ್‌ಫುಲ್ ಎಂಬ ಚಿಮ್ಮುವ ಬಿಸಿನೀರಿನ ಬುಗ್ಗೆ ನೋಡಲೇಬೇಕೆಂಬ ಆಸೆ ಬಹಳ ವರ್ಷದಿಂದ ಇದ್ದರೆ ನನ್ನ ಮಾತು ಪಕ್ಕಕ್ಕಿಡಿ, ಯೆಲ್ಲೋಸ್ಟೋನಿಗೇ ಹೋಗಿ. ಆಗ ಆರ್‌ವಿ ಬಿಟ್ಟು ಏಳು ಸೀಟಿನ ಮಿನಿವ್ಯಾನ್ ತೆಗೆದುಕೊಳ್ಳಿ. ಗ್ಯಾಲನ್ನಿಗೆ 24 ಮೈಲಿ ಬರುತ್ತದೆ, 5 ಡಾಲರಿನಂತೆ 480 ಡಾಲರಲ್ಲಿ ಅಷ್ಟೂ ದೂರ ಮುಗಿಯುತ್ತದೆ. ಪಾರ್ಕಿನ ಹೊರಗೆ ಅಡುಗೆಮನೆ ಇರುವ ಕ್ಯಾಬಿನ್ ಹಿಡಿಯಿರಿ. ನಿಮ್ಮ ಹೆಂಡತಿಯ ಮಾತು ಅರ್ಧ ಸರಿ: ಬೇಡವೆನ್ನಬೇಕಾದ್ದು ಅಷ್ಟು ದೂರದ ದಾರಿಗೆ ಅಷ್ಟು ದೊಡ್ಡ ಗಾಡಿಯನ್ನು.

ನಾವಿಬ್ಬರೂ ನಿವೃತ್ತರು, ಸ್ವಂತ ಆರ್‌ವಿ ಇದೆ. ಮಾರುವ ಮನಸ್ಸಿಲ್ಲ. ಪೆಟ್ರೋಲ್ ಉಳಿಸುವ ದಾರಿ ಏನಾದರೂ ಇದೆಯೇ?
ಫೀನಿಕ್ಸ್, ಅರಿಜೋನಾ

ಬಲಗಾಲು ಹಗುರ ಮಾಡುವುದೇ ದೊಡ್ಡ ಉಪಾಯ. ಆರ್‌ವಿಯ ಮುಂಭಾಗ ಗೋಡೆಯ ಹಾಗೆ ಚಪ್ಪಟೆ. ವೇಗ ಗಂಟೆಗೆ 65 ಮೈಲಿಯಿಂದ 55ಕ್ಕೆ ಇಳಿದರೆ ಗಾಳಿಯ ತಡೆ ಕಾಲು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೇ, 1974ರ ಜನವರಿಯಲ್ಲಿ, ಅಮೆರಿಕ ಸರ್ಕಾರ ದೇಶಕ್ಕೆಲ್ಲ 55 ಮೈಲಿಯ ಮಿತಿ ತಂದಿದ್ದು ಇದೇ ಕಾರಣಕ್ಕೆ. ನನ್ನ ಗಾಡಿಯಲ್ಲಿ 65ರಲ್ಲಿ 8ಕ್ಕೂ ಕಡಿಮೆ ಸಿಗುತ್ತಿದ್ದದ್ದು 57ರಲ್ಲಿ 9 ದಾಟಿದೆ. ಬಲಗಡೆಯ ಲೇನಿನಲ್ಲಿ ಹೋಗಿ, ಹಿಂದಿನವರು ದಾಟಿಕೊಂಡು ಹೋಗುತ್ತಾರೆ.

ನೀರಿನ ಟ್ಯಾಂಕ್ ತುಂಬಿಸಿಕೊಂಡು ಹೊರಡಬೇಡಿ. 40 ಗ್ಯಾಲನ್ ನೀರೆಂದರೆ 150 ಕಿಲೋ, ಎರಡು ಮೂಟೆ ಅಡಿಕೆಯ ಭಾರ. ಕ್ಯಾಂಪ್‌ಗ್ರೌಂಡಿನಲ್ಲಿ ನಲ್ಲಿ ಇದ್ದರೆ ಅಲ್ಲೇ ತುಂಬಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿ. ಕ್ಯಾಲಿಫೋರ್ನಿಯಾ ಕಡೆಗೆ ಬರುವವರು ಎಹ್ರನ್‌ಬರ್ಗಿನಲ್ಲೇ ಟ್ಯಾಂಕ್ ತುಂಬಿಸಿ. ಕೊಲರಾಡೊ ನದಿ ದಾಟಿ ಬ್ಲೈತ್‌ಗೆ ಬಂದರೆ ತೆರಿಗೆಯೂ ಬೇರೆ, ಕ್ಯಾಲಿಫೋರ್ನಿಯಾಕ್ಕೆಂದೇ ಮಾಡುವ ಪೆಟ್ರೋಲೂ ಬೇರೆ, ಸೇತುವೆಯ ಆಚೆ ಈಚೆ ಬೆಲೆಯ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬಂಕಿಗೆ ಹೋಗುವ ಮುನ್ನ ಒಳಗಿನ ಫ್ರಿಜ್ಜಿನ ಪ್ರೊಪೇನ್ ಉರಿ ಆರಿಸಿದ್ದೀರಾ ಎಂದು ಪ್ರತಿ ಸಲವೂ ನೋಡಿಕೊಳ್ಳಿ. ಇದು ಉಳಿತಾಯದ ಮಾತಲ್ಲ, ಜೀವದ ಮಾತು.

ಹಲವರು ಲೆಕ್ಕಕ್ಕೇ ಹಿಡಿಯದ ಖರ್ಚು ಜನರೇಟರ್. ಏಸಿ ಹಾಕಿಕೊಂಡು ಮಲಗಿದರೆ ಗಂಟೆಗೆ ಅರ್ಧ ಗ್ಯಾಲನ್ ಕುಡಿಯುತ್ತದೆ, ಒಂದು ರಾತ್ರಿಯ ಹತ್ತು ತಾಸಿಗೆ ಐದು ಗ್ಯಾಲನ್. ಪೆಟ್ರೋಲ್ ಗಾಡಿಗಳಲ್ಲಿ ಅದು ಮುಖ್ಯ ಟ್ಯಾಂಕಿನಿಂದಲೇ ಎಳೆಯುತ್ತದೆ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ನಿಲ್ಲುವಂತೆ ಅದರ ಕೊಳವೆಯನ್ನು ಮೇಲೆ ಇಟ್ಟಿರುತ್ತಾರೆ. ನಡುರಾತ್ರಿ ಏಸಿ ನಿಂತರೆ ಗಾಬರಿಯಾಗಬೇಡಿ, ಬಂಕಿನ ತನಕ ಹೋಗಲಿ ಎಂದು ಉಳಿಸಿಟ್ಟ ಪೆಟ್ರೋಲ್ ಅದು. ನಿಮಗಂತೂ ಏಸಿಯೇ ಬೇಡದ ಜಾಗ ಹತ್ತಿರದಲ್ಲೇ ಇದೆ. ಫೀನಿಕ್ಸಿನಿಂದ ಸುಮಾರು 145 ಮೈಲಿಗೆ ಫ್ಲಾಗ್‌ಸ್ಟಾಫ್, 7,000 ಅಡಿ ಎತ್ತರ. ಸುತ್ತಲಿನ ಕೊಕೊನಿನೋ ಕಾಡಿನಲ್ಲಿ ಗೊತ್ತುಪಡಿಸಿದ ಕಡೆ ಹದಿನಾಲ್ಕು ದಿನದವರೆಗೆ ದುಡ್ಡಿಲ್ಲದೆ ತಂಗಬಹುದು. ಬೇಸಿಗೆಯಲ್ಲಿ ಬೆಂಕಿ ಹಾಕಲು ನಿರ್ಬಂಧ ಇದೆಯೇ ಎಂದು ರೇಂಜರ್ ಕಚೇರಿಗೆ ಫೋನ್ ಮಾಡಿ ಹೋಗಿ. ಚಳಿಗಾಲಕ್ಕೆ ಕ್ವಾರ್ಟ್ಸೈಟ್ ಇದ್ದೇ ಇದೆ. ಉತ್ತರದ ಹಿಮದಿಂದ ಓಡಿಬಂದ ಸಾವಿರಾರು ಹಿರಿಯರು ಅಲ್ಲಿನ ಸರ್ಕಾರಿ ಮರಳುಗಾಡಿನಲ್ಲಿ ಗಾಡಿ ನಿಲ್ಲಿಸಿ ತಿಂಗಳುಗಟ್ಟಲೆ ಇರುತ್ತಾರೆ. ಅವರ ಪೆಟ್ರೋಲ್ ಖರ್ಚು ಬರುವಾಗ ಒಂದು ಸಲ, ಹೋಗುವಾಗ ಒಂದು ಸಲ.

ಪೆಟ್ರೋಲ್, ಡೀಸೆಲ್ ದುಬಾರಿಯಾಗಿ ಜನ ಆರ್‌ವಿ ಮಾರುತ್ತಿದ್ದಾರೆ. 36 ಅಡಿಯ ಡೀಸೆಲ್ ಗಾಡಿ ಕಡಿಮೆಗೆ ಸಿಗುತ್ತಿದೆ. ಕೊಂಡುಬಿಡಲೇ?
ಎಡಿಸನ್, ನ್ಯೂಜೆರ್ಸಿ

ಈಗಲೇ ಬೇಡ. ತೈಲ ಬೆಲೆ ಏರಿದಾಗಲೆಲ್ಲ ಈ ವ್ಯಾಪಾರ ಮಗುಚಿ ಬೀಳುತ್ತದೆ: 1973-74, 1979, ಮತ್ತೆ 2008. ಆರ್‌ವಿ ತಯಾರಿಕೆಯ ರಾಜಧಾನಿ ಎನ್ನುವ ಇಂಡಿಯಾನಾದ ಎಲ್ಕಾರ್ಟ್ ಪ್ರದೇಶದಲ್ಲಿ 2009ರಲ್ಲಿ ನಿರುದ್ಯೋಗ ಶೇಕಡ 20ರ ಹತ್ತಿರ ಹೋಗಿತ್ತು. ಬ್ಯಾಂಕುಗಳ ಕುಸಿತವೂ ಜತೆಗೆ ಸೇರಿತ್ತು, ನಿಜ. ನಿಮ್ಮ ಊಹೆ ತಪ್ಪಲ್ಲ, ಇಂಥ ಹೊತ್ತಿನಲ್ಲಿ ಹಳೆ ಗಾಡಿ ಅಗ್ಗಕ್ಕೆ ಸಿಗುತ್ತದೆ. ಆದರೆ ಕೊಂಡ ಮೇಲೆ ವಿಮೆ ಇದೆ, ವರ್ಷದಲ್ಲಿ ಹತ್ತು ತಿಂಗಳು ನಿಲ್ಲಿಸಲು ಜಾಗದ ಬಾಡಿಗೆ ಇದೆ. ಇಲ್ಲಿ ಡೀಸೆಲ್ ಪೆಟ್ರೋಲಿಗಿಂತ ದುಬಾರಿ ಎನ್ನುವುದನ್ನೂ ಮರೆಯಬೇಡಿ. ಮೊದಲು ಮೂರು ಸಲ ಬೇರೆ ಬೇರೆ ಅಳತೆಯದ್ದನ್ನು ಬಾಡಿಗೆಗೆ ಹಿಡಿದು ನೋಡಿ. ಆಮೇಲೂ ಕೊಳ್ಳುವ ಮನಸ್ಸಿದ್ದರೆ ಎಂಜಿನ್ನಿಗಿಂತ ಮುಂಚೆ ಏಣಿ ಹಾಕಿ ಚಾವಣಿ ಹತ್ತಿ. ಸಂದಿನಲ್ಲಿ ನೀರು ಇಳಿದಿದ್ದರೆ ಒಳಗಿನ ಮರ ಕೊಳೆತಿರುತ್ತದೆ, ಮೂಲೆಗಳನ್ನು ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಟೈರಿನ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕೆ ಇರುತ್ತದೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಅದರ ಗೀರು ಎಷ್ಟೇ ಹೊಸದಾಗಿ ಕಂಡರೂ ಬದಲಾಯಿಸಬೇಕಾದ ಟೈರ್ ಅದು, ಆ ಹಣವನ್ನು ಗಾಡಿಯ ಬೆಲೆಯಿಂದ ಕಳೆಯಿರಿ. ಇಬ್ಬರೇ ಹೋಗುವುದಾದರೆ ಈಗಿನ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಚಿಕ್ಕ ಟ್ರೇಲರ್ ಸಾಕು. ನಿಮ್ಮ ಕಾರು ಎಷ್ಟು ಭಾರ ಎಳೆಯಬಲ್ಲದು ಎನ್ನುವುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ದೊಡ್ಡ ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಮಲಗಿ ಕ್ಯಾಂಪ್‌ಗ್ರೌಂಡ್ ಬಾಡಿಗೆ ಉಳಿಸಬಹುದಂತೆ, ಹೌದೇ?
ಶಿಕಾಗೊ

ಕೆಲವು ಕಡೆ ಬಿಡುತ್ತಾರೆ, ಕೆಲವು ಊರುಗಳಲ್ಲಿ ಕಾನೂನೇ ಬಿಡುವುದಿಲ್ಲ. ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ. ಒಂದೇ ರಾತ್ರಿ, ಮೂಲೆಯಲ್ಲಿ. ಹೊರಗೆ ಕುರ್ಚಿ ಹಾಕಿ ಒಲೆ ಹಚ್ಚಬೇಡಿ. ದೂರದ ದಾರಿಯ ನಡುವೆ ನಿದ್ದೆಗೆ ಸರಿ, ಮಕ್ಕಳನ್ನು ಕಟ್ಟಿಕೊಂಡು ರಜೆ ಕಳೆಯುವ ಜಾಗ ಅದಲ್ಲ.

ನಾನು ನಿವೃತ್ತ ಶಿಕ್ಷಕಿ. ಮಾರ್ಚ್ ಕೊನೆಗೆ ಡಲ್ಲಾಸಿನ ಮಗಳ ಮನೆಗೆ ಹೋಗುತ್ತಿದ್ದೇನೆ. ಆರ್‌ವಿಯಲ್ಲಿ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ ತೋರಿಸುತ್ತೇನೆಂದು ಹೇಳಿದ್ದವಳು ಈಗ ಪೆಟ್ರೋಲ್ ದುಬಾರಿ ಅನ್ನುತ್ತಿದ್ದಾಳೆ. ಅಲ್ಲಿ ನಮಗಿಂತ ಅಗ್ಗವಲ್ಲವೇ? ನನ್ನಿಂದ ಅವಳಿಗೆ ಖರ್ಚಾಗುವುದು ಬೇಡ, ಪ್ರವಾಸವೇ ಬೇಡ ಎಂದುಬಿಡಲೇ?
ಶಿವಮೊಗ್ಗ

ಬೇಡ ಅನ್ನಬೇಡಿ ಮೇಡಂ. ಮೊದಲು ನಿಮ್ಮ ಲೆಕ್ಕಕ್ಕೆ ಉತ್ತರ ಹೇಳುತ್ತೇನೆ. ಇಲ್ಲಿಯ ಒಂದು ಗ್ಯಾಲನ್ ಎಂದರೆ 3.785 ಲೀಟರ್. ಗ್ಯಾಲನ್ನಿಗೆ 4 ಡಾಲರ್, ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಲೀಟರಿಗೆ 90 ರೂಪಾಯಿ. ಊರಿನಲ್ಲಿ ನೂರರ ಮೇಲೆ ಕೊಡುವ ನಿಮಗೆ ಇದು ಕಡಿಮೆಯೇ. ಆದರೆ ಆರ್‌ವಿ ಗ್ಯಾಲನ್ನಿಗೆ 8 ಮೈಲಿ ಓಡುತ್ತದೆ ಎಂದರೆ ಲೀಟರಿಗೆ ಮೂರೂವರೆ ಕಿಲೋಮೀಟರೂ ಬರುವುದಿಲ್ಲ. ನಮ್ಮ ಕೆಂಪು ಬಸ್ಸು ಐವತ್ತು ಜನರನ್ನು ಹೊತ್ತುಕೊಂಡೂ ಲೀಟರ್ ಡೀಸೆಲಿಗೆ ಐದರ ಆಸುಪಾಸು ಕೊಡುತ್ತದೆ.

ಇನ್ನೊಂದು ವಿಷಯ. ಊರಿನಲ್ಲಿ ಬೆಲೆ ಒಮ್ಮೆ ನಿಂತರೆ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ಏಕೆಂದರೆ ಅದರಲ್ಲಿ ತೆರಿಗೆಯ ಪಾಲು ದೊಡ್ಡದು, ಮೇಲಿನವರ ಕೈಯೂ ಇರುತ್ತದೆ. ಇಲ್ಲಿ ಕೇಂದ್ರದ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್, 1993ರಿಂದ ಏರಿಯೇ ಇಲ್ಲ. ಬಂಕಿನ ಬೆಲೆಯಲ್ಲಿ ಹೆಚ್ಚುಕಡಿಮೆ ಅರ್ಧ ಕಚ್ಚಾ ತೈಲದ್ದೇ ಆದ್ದರಿಂದ ಎಲ್ಲೋ ಯುದ್ಧವಾದರೆ ಆ ವಾರವೇ ಫಲಕದ ಅಂಕೆ ಬದಲಾಗುತ್ತದೆ. 2020ರ ಏಪ್ರಿಲ್‌ನಲ್ಲಿ 2 ಡಾಲರಿಗೂ ಕೆಳಗೆ ಇದ್ದದ್ದು 2022ರ ಜೂನ್‌ನಲ್ಲಿ 5 ದಾಟಿತು. ತಿಂಗಳ ಮುಂಚೆ ಮಗಳು ಹಾಕಿದ್ದ ಲೆಕ್ಕ ಈಗ ತಲೆಕೆಳಗಾಗಿರುತ್ತದೆ. ಅವಳ ಚಿಂತೆ ಸುಳ್ಳಲ್ಲ.

ಬಿಗ್ ಬೆಂಡ್ ಡಲ್ಲಾಸಿನಿಂದ ಐನೂರು ಮೈಲಿಗೂ ಮೇಲೆ. ಅದರ ಬದಲು ಇಂಕ್ಸ್ ಲೇಕ್ ಸ್ಟೇಟ್ ಪಾರ್ಕಿಗೆ ಹೋಗೋಣ ಎಂದು ನೀವೇ ಹೇಳಿ. ಸುಮಾರು 200 ಮೈಲಿ. ಆರ್‌ವಿಗೆ ಕರೆಂಟ್, ನೀರು ಎರಡೂ ಸಿಗುತ್ತದೆ, ಕೆರೆಯ ದಡದಲ್ಲೇ ನಿಲ್ಲಿಸಬಹುದು. ಮಾರ್ಚ್ ಕೊನೆ, ಏಪ್ರಿಲ್ ಮೊದಲಿಗೆ ಆ ಗುಡ್ಡಸೀಮೆಯ ರಸ್ತೆಯ ಎರಡೂ ಬದಿಗೆ ಬ್ಲೂಬಾನೆಟ್ ಎಂಬ ನೀಲಿ ಹೂವು ಹಾಸಿಕೊಂಡಿರುತ್ತದೆ, ನೀವು ಸರಿಯಾದ ಹೊತ್ತಿಗೇ ಹೋಗುತ್ತಿದ್ದೀರಿ. ಅಲ್ಲಿಂದ ಒಂದು ಬೆಳಿಗ್ಗೆ ಎನ್‌ಚಾಂಟೆಡ್ ರಾಕ್ ನೋಡಿಬನ್ನಿ. ನಸುಗೆಂಪು ಗ್ರಾನೈಟಿನ ಬೋಳು ಗುಡ್ಡ, 425 ಅಡಿ ಎತ್ತರ, ಸಾವನದುರ್ಗದ ತಮ್ಮನ ಹಾಗಿದೆ. ಒಳಗೆ ಆರ್‌ವಿ ನಿಲ್ಲಿಸಿ ತಂಗಲು ಬಿಡುವುದಿಲ್ಲ. ರಜೆಯ ದಿನಗಳಲ್ಲಿ ಜಾಗ ಬೇಗ ತುಂಬುವುದರಿಂದ ಮಗಳಿಗೆ ಈಗಲೇ ಹೇಳಿ ಕಾಯ್ದಿರಿಸಿ. ಬಂಡೆ ಬಿಸಿಯೇರುವ ಮುಂಚೆ, ಏಳೂವರೆ ಎಂಟಕ್ಕೆ ಹತ್ತಲು ಶುರುಮಾಡಿ.

ಮತ್ತೆ, ಬರುವಾಗ ಒಂದು ಉದ್ದನೆಯ ಲೆಕ್ಕದ ಪುಸ್ತಕ ತನ್ನಿ. ನನ್ನ ಅಪ್ಪನದ್ದರಲ್ಲಿ ಮೊದಲ ಪುಟದಲ್ಲಿ ಮಾತ್ರ ಪೆಟ್ರೋಲ್ ಲೆಕ್ಕ ಇದೆ. ಗ್ರೇಟ್ ಬೇಸಿನ್ ತಲುಪಿದ ಮೇಲೆ ಅದೇ ನಾಲ್ಕು ಕಲಮುಗಳಲ್ಲಿ ಅವರು ಬರೆದದ್ದು ಹಕ್ಕಿ, ಮರ, ಮಾತಾಡಿಸಿದವರ ಊರು ಮತ್ತು ಆ ದಿನ ನಾನು ಏನು ಅಡುಗೆ ಮಾಡಿದೆ ಎಂಬುದು.